ಆರು ಸೀರೆ, ಒಂದು ಬಾರು

ಪೂರ್ತಿ ಮುಚ್ಚಿದ ಅಂಗಡಿಗೆ ಒಂದು ಬೀಗ ಸಾಕು. ಪೂರ್ತಿ ತೆರೆದ ಅಂಗಡಿಗೆ ಒಬ್ಬ ಯಜಮಾನ ಸಾಕು. ಅರ್ಧ ತೆರೆದ ಅಂಗಡಿಗೆ ಮಾತ್ರ ಬೈಸಿಕೊಳ್ಳುವುದಕ್ಕೆ ಅಂತಲೇ ಒಬ್ಬ ಮನುಷ್ಯ ಬೇಕಾಗುತ್ತಾನೆ. ಕೊರೋನಾ ಕಾಲದಲ್ಲಿ ಕುವೆಂಪುನಗರದ ನಮ್ಮ ಬಾರಿನಲ್ಲಿ ಆ ಮನುಷ್ಯ ನಾನಾಗಿದ್ದೆ. ಹುದ್ದೆಯ ಹೆಸರು ಸೂಪರ್‌ವೈಸರ್. ಮೂವತ್ತೆರಡನೇ ವಯಸ್ಸಿನಲ್ಲಿ, ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಆ ಸರ್ಟಿಫಿಕೇಟು ನೋಡಿ ಕೆಲಸ ಕೊಟ್ಟ ಪುಣ್ಯಾತ್ಮರು ಈ ಬಾರಿನ ಯಜಮಾನರೊಬ್ಬರೇ. ತಡವಾಗಿ ಓದಿದವರಿಗೆ ಒಂದು ಕಾಯಿಲೆ ಇರುತ್ತದೆ, ಅಚ್ಚಾದ ಅಕ್ಷರವನ್ನೆಲ್ಲ ನಂಬಿಬಿಡುತ್ತೇವೆ. ಬಸ್ಸಿನಲ್ಲಿ ‘ಕೈ ಹೊರಗೆ ಚಾಚಬೇಡಿ’ ಎಂದು ಬರೆದಿದ್ದರೆ, ಇಳಿದ ಮೇಲೂ ನಾನು ಸ್ವಲ್ಪ ದೂರ ಕೈ ಕಟ್ಟಿಕೊಂಡೇ ನಡೆಯುತ್ತೇನೆ.

ನಮ್ಮದು ಬರೀ ಬಾರಲ್ಲ, ಆಟದ ಬಾರು. ಒಳಗೆ ಗೋಡೆಗೆ ಒರಗಿಸಿ ಆಳೆತ್ತರದ ಆರು ಗೇಮ್ ಮೆಷಿನ್ನುಗಳು. ಒಂದರಲ್ಲಿ ಕಾರು ಓಡಿಸಬಹುದು, ಒಂದರಲ್ಲಿ ಗುಂಡು ಹಾರಿಸಬಹುದು, ಇನ್ನೊಂದರಲ್ಲಿ ಯಾರನ್ನು ಯಾಕೆ ಹೊಡೆಯುತ್ತಿದ್ದೇವೆಂದು ತಿಳಿಯದೆಯೇ ಗುದ್ದಾಡಬಹುದು. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಸ್ಟೇರಿಂಗು. ರಸ್ತೆಯಲ್ಲಿ ಹಾಗೆ ಮಾಡಿದರೆ ಕೇಸು, ನಮ್ಮಲ್ಲಿ ಮಾಡಿದರೆ ಮರ್ಯಾದಸ್ಥ ಗಿರಾಕಿ. ಯಜಮಾನರಾದ ಚನ್ನಬಸಪ್ಪನವರದು ಮೂರು ತಲೆಮಾರಿನ ಬೆಲ್ಲದ ವ್ಯಾಪಾರದ ಮನೆತನ. ಬೆಲ್ಲಕ್ಕೆ ಇರುವೆ ಬರುವಂತೆ ಮೆಷಿನ್ನಿಗೆ ಜನ ಬರುತ್ತಾರೆ ಎಂದು ಅವರು ನಂಬಿದ್ದರು. ಜನ ಬರುತ್ತಲೂ ಇದ್ದರು, ಕೊರೋನಾ ಬರುವ ತನಕ.

ತಿಂಗಳುಗಟ್ಟಲೆ ಬಾಗಿಲು ಹಾಕಿದ ಮೇಲೆ ಅನುಮತಿಯ ಕಾಗದ ಬಂತು. ಕುಡಿಯಬಹುದು, ಆಡಬಾರದು. ಎಲ್ಲರೂ ಮುಟ್ಟುವಂಥ ಯಂತ್ರಗಳನ್ನು ‘ವಸ್ತ್ರದಿಂದ ಸಂಪೂರ್ಣವಾಗಿ ಮುಚ್ಚತಕ್ಕದ್ದು’. ಶುಕ್ರವಾರ ಹೆಲ್ತ್ ಇನ್ಸ್‌ಪೆಕ್ಟರು ಬಂದು ನೋಡುತ್ತಾರೆ. ಯಜಮಾನರು ಕಾಗದವನ್ನು ನನ್ನ ಕೈಗಿಟ್ಟರು.

“ನೋಡ್ಲಾ ಮಾದೇವ, ಅವ್ರು ಬಾಗ್ಲು ಹಾಕಿ ಅಂದ್ಬುಟ್ರೆ ಈ ಜಾಗನ ಬಟ್ಟೆ ಅಂಗ್ಡಿಯೋರ್ಗೆ ಕೊಟ್ಬುಡ್ತೀನಿ. ಆಮೇಲೆ ನೀನಾಯ್ತು, ನಿನ್ ಎಸ್ಸೆಸ್ಸೆಲ್ಸಿ ಆಯ್ತು.”

ಬೇರೆ ಯಾರಾದರೂ ಆಗಿದ್ದರೆ ಆರು ಟಾರ್ಪಾಲು ತಂದು ಹೊದಿಸಿ ಕೈ ತೊಳೆದುಕೊಳ್ಳುತ್ತಿದ್ದರು. ನಾನು ಮಾತ್ರ ಆ ಸಾಲನ್ನು ನಾಲ್ಕು ಸಲ ಓದಿದೆ. ಟಾರ್ಪಾಲು ಹೇಗೆ ವಸ್ತ್ರವಾಗುತ್ತದೆ? ಅದನ್ನು ಯಾರಾದರೂ ಉಡುತ್ತಾರೆಯೇ? ಕುಂಬಾರಕೊಪ್ಪಲಿನ ಮನೆಗೆ ಹೋದವನೇ ಹೆಂಡತಿ ಸುಮಿತ್ರಳನ್ನು ಆರು ಹಳೇ ಸೀರೆ ಕೇಳಿದೆ.

ಇಲ್ಲಿ ಸುಮಿತ್ರಳ ಬಗ್ಗೆ ಒಂದು ಮಾತು ಹೇಳಬೇಕು. ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶಕ್ಕೆ ಸೀರೆ ಉಡಿಸುವುದರಲ್ಲಿ ನಮ್ಮ ಬೀದಿಗೇ ಅವಳು ಹೆಸರುವಾಸಿ. ಒಂದು ಬಿಂದಿಗೆ, ಒಂದು ತೆಂಗಿನಕಾಯಿ, ಎರಡು ಕೋಲು ಕೊಟ್ಟರೆ ಅರ್ಧ ಗಂಟೆಯಲ್ಲಿ ಸಾಕ್ಷಾತ್ ಲಕ್ಷ್ಮಿ ನೆರಿಗೆ ಚಿಮ್ಮಿಸಿಕೊಂಡು ನಿಂತಿರುತ್ತಾಳೆ. ಆ ವರ್ಷ ಸೋಂಕಿನ ಭಯದಿಂದ ಯಾರೂ ಅವಳನ್ನು ಮನೆಗೆ ಕರೆದಿರಲಿಲ್ಲ. ಕೈ ಕಡಿಯುತ್ತಿತ್ತು.

“ಸೀರೆ ಯಾಕ್ರೀ?”

“ಮೆಷಿನ್ ಮೇಲೆ ಹೊದಿಸ್ಬೇಕು ಕಣೆ.”

“ಹೊದಿಸೋದಾ? ಗೋಣಿಚೀಲ ಎಸ್ದಂಗೆ ಎಸೀತೀರ ನೀವು. ನಡೀರಿ, ನಾನೇ ಬತ್ತೀನಿ.”

ಗುರುವಾರ ಮಧ್ಯಾಹ್ನ ನನ್ನ ಸ್ಕೂಟರಿನ ಹಿಂದೆ ಕೂತು ಸೀರೆಗಂಟು ಮಡಿಲಲ್ಲಿಟ್ಟುಕೊಂಡು ಬಂದಳು. ಕಾರಿನ ಮೆಷಿನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ತಲೆ ಐತೆ, ಭುಜ ಐತೆ, ಸೊಂಟ ಒಂದಿಲ್ಲ ಕಣ್ರೀ. ಆಗ್ಲಿ ಬುಡಿ, ನಿಮ್ಮಕ್ಕಂಗೂ ಇಲ್ಲ. ಮಗನ ಮದ್ವೇಲಿ ಅವ್ರಿಗೆ ಉಡಿಸ್ಲಿಲ್ವಾ ನಾನು?” ಎಂದು ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಕೆಲಸಕ್ಕೆ ನಿಂತಳು. ಸಂಜೆಯ ಹೊತ್ತಿಗೆ ಕಾರು ಓಡಿಸುವುದು ಹಸಿರು ಜರಿಯಲ್ಲೂ, ಗುದ್ದಾಟದ್ದು ಕೆಂಪು ಸೀರೆಯಲ್ಲೂ, ಉಳಿದ ನಾಲ್ಕು ಅವರವರ ಬಣ್ಣಕ್ಕೆ ಒಪ್ಪುವಂತೆಯೂ ಸೆರಗು ಹೊದ್ದು ಸಾಲಾಗಿ ನಿಂತಿದ್ದವು. ಹೂವು ಮುಡಿಸಲು ಹೋದಳು, ನಾನು ಬಿಡಲಿಲ್ಲ. ಇಡೀ ಪ್ರಕರಣದಲ್ಲಿ ನಾನು ತೋರಿಸಿದ ಬುದ್ಧಿವಂತಿಕೆ ಅದೊಂದೇ.

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದರು. ಒಂದು ಕಾಲು ಒಳಗಿಟ್ಟರು, ಗೋಡೆಯ ಕಡೆ ನೋಡಿದರು, ತಟ್ಟನೆ ಹೊರಗೆ ಹೋದರು. ಬೀಗಮುದ್ರೆ ತರಲು ಹೋದರೆಂದುಕೊಂಡೆ. ಅವರು ತಂದಿದ್ದು ಬರಿಗಾಲು. ಬೂಟು ಹೊರಗೆ ಬಿಟ್ಟು ಬಂದು ದೂರದಲ್ಲೇ ನಿಂತು ಕೈ ಮುಗಿದರು.

“ಸಾರ್, ಅದು ಕಾರ್ ರೇಸು,” ಎಂದೆ ಮೆತ್ತಗೆ. “ಕೆಂಪು ಸೀರೇದು ಗುದ್ದಾಟ.”

ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವರು ಸ್ಯಾನಿಟೈಸರ್ ಕೇಳಿ ಉಜ್ಜಿಕೊಂಡರು. ಆಮೇಲೆ ಕೆಮ್ಮಿದರು. ಆಗಿನ ಕಾಲದಲ್ಲಿ ಕೆಮ್ಮು ಅಂದರೆ ಹಾವು ಕಂಡ ಹಾಗೆ. ನಾನು ಮೂರು ಹೆಜ್ಜೆ ಹಿಂದೆ ಹಾರಿದೆ. ಅಂತರ ಕಾಪಾಡುವುದರಲ್ಲಿ ಸಿಬ್ಬಂದಿ ಚುರುಕಾಗಿದ್ದಾರೆ ಎಂದು ಬರೆದುಕೊಂಡರು. “ಮುಚ್ಚಿರೋದು ಸರಿಯಾಗಿದೆ. ಯಾವ ಕುಡುಕನಿಗೂ ಮುಟ್ಟೋಕೆ ಧೈರ್ಯ ಬರಲ್ಲ ಬುಡಿ,” ಎಂದು ಸಹಿ ಹಾಕಿ ಹೋದರು. ಕೆಲಸ ಉಳಿಯಿತೆಂದು ನಾನು ಒಂದು ಕಾಫಿ ಕುಡಿದೆ.

ಸಂಜೆ ಮೊದಲು ಬಂದವರು ರಿಟೈರಾದ ಗುರುಸಿದ್ದಪ್ಪ ಮೇಷ್ಟ್ರು, ನಮ್ಮ ಖಾಯಂ ಗಿರಾಕಿ. ಚಪ್ಪಲಿ ಹೊರಗೆ ಬಿಟ್ಟರು. ಕುರ್ಚಿಯನ್ನು ತಿರುಗಿಸಿ ಬೀದಿಯ ಕಡೆ ಮುಖ ಮಾಡಿ ಕೂತರು.

“ಮಾದೇವ, ಒಂದು ನಿಂಬೆಹಣ್ಣಿನ ಸೋಡಾ ಕೊಡಪ್ಪ.”

“ಯಾಕ್ ಮೇಷ್ಟ್ರೇ, ಮಾಮೂಲಿ ಬ್ಯಾಡ್ವಾ?”

“ಶುಕ್ರವಾರ ಕಣಯ್ಯ. ಅದೂ ಹೆಣ್ಣುದೇವ್ರ ಮುಂದೆ…”

“ಅಯ್ಯೋ, ಆ ಹಳದಿ ಸೀರೇದು ನೀವು ದಿನಾ ಗುಂಡು ಹೊಡೀತಿದ್ದ ಮೆಷಿನ್ನು!”

“ಗೊತ್ತು ಕಣಯ್ಯ. ಅದಕ್ಕೇ ಮುಖ ತೋರಿಸೋಕೆ ಆಗ್ತಿಲ್ಲ.”

ಏಳು ಗಂಟೆಯ ಹೊತ್ತಿಗೆ ಹನ್ನೊಂದು ಜನ ಸೇರಿದ್ದರು. ಎಲ್ಲರೂ ಬರಿಗಾಲು, ಎಲ್ಲರಿಗೂ ಸೋಡಾ. ಯಾರ ಬಾಯಿಂದಲೂ ಒಂದು ಕೆಟ್ಟ ಮಾತಿಲ್ಲ. ಒಬ್ಬರಂತೂ ಕೋಸಂಬರಿ ಇದೆಯಾ ಎಂದು ವಿಚಾರಿಸಿದರು. ಅಷ್ಟರಲ್ಲಿ ಯಜಮಾನರು ಬಂದರು.

“ಏನ್ಲಾ ಇದು, ಬಾರೋ ಮದ್ವೆ ಮನೆಯೋ? ಬಿಚ್ಚಾಕ್ಲಾ ಸೀರೆನ!”

ಹನ್ನೊಂದು ತಲೆಗಳು ನನ್ನ ಕಡೆ ತಿರುಗಿದವು. ತುಂಬಿದ ಸಭೆಯಲ್ಲಿ ಸೀರೆಗೆ ಕೈ ಹಾಕಿದವನ ಗತಿ ಏನಾಯಿತೆಂದು ಎಸ್ಸೆಸ್ಸೆಲ್ಸಿ ಓದದವರಿಗೂ ಗೊತ್ತು. ನಾನು ಸುಮಿತ್ರಳಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದೆ.

“ಶುಕ್ರವಾರ ಲಕ್ಷ್ಮೀನ ಮನೆಯಿಂದ ಕಳಿಸ್ತಾರೇನ್ರೀ? ನಿಮ್ ಯಜಮಾನ್ರಿಗೆ ಅಷ್ಟೂ ಗೊತ್ತಿಲ್ವಾ?” ಎಂದಳು.

ಯಜಮಾನರು ಬೆಲ್ಲದ ಮನೆತನದವರು, ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸುವಷ್ಟು ಧೈರ್ಯ ಅವರಿಗೂ ಇರಲಿಲ್ಲ. “ನಾಳೆಗೂ ಸೋಡಾನೇ ಓಡಿದ್ರೆ ಸೋಮ್ವಾರ ಬಟ್ಟೆ ಅಂಗ್ಡಿಯೋರ್ನ ಕರಿಸ್ತೀನಿ, ತಿಳ್ಕೋ,” ಎಂದಷ್ಟೇ ಹೇಳಿ, ಹೋಗುವಾಗ ಗೋಡೆಯ ಕಡೆ ಬೆನ್ನು ತೋರಿಸದೆ ಹೋದರು.

ಶನಿವಾರ ಸುಮಿತ್ರ ಬಂದು ಸೀರೆ ಬಿಚ್ಚಿ ಮಡಿಸಿಕೊಂಡು ಹೋದಳು. ಇನ್ಸ್‌ಪೆಕ್ಟರ ಸಹಿ ಬಿದ್ದಾಗಿತ್ತಲ್ಲ, ವಸ್ತ್ರದ ಮಾತು ಬದಿಗಿಟ್ಟು ನಾನು ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದೆ. ಯಜಮಾನರು ಕೌಂಟರಿನಲ್ಲಿ ಕೂತು ಬಾಗಿಲು ನೋಡುತ್ತಿದ್ದರು. ಮೇಷ್ಟ್ರು ಬಂದರು. ಚಪ್ಪಲಿ ಹೊರಗೇ ಬಿಟ್ಟರು.

“ಈಗ ಏನೂ ಇಲ್ಲ ಮೇಷ್ಟ್ರೇ, ಬರೀ ಟಾರ್ಪಾಲು!” ಎಂದು ಓಡಿಹೋಗಿ ಹೇಳಿದೆ.

“ಮೇಲೊಂದು ಹೊದಿಸ್ಬುಟ್ರೆ ಒಳಗಿರೋರು ಎದ್ದು ಹೋಗ್ತಾರೇನಯ್ಯಾ?” ಎಂದು ಮೇಷ್ಟ್ರು ಬೀದಿಯ ಕಡೆ ಕುರ್ಚಿ ತಿರುಗಿಸಿದರು. “ಸೋಡಾ ಕೊಡು.”

ಯಜಮಾನರು ಹಣೆ ಚಚ್ಚಿಕೊಂಡು ಎದ್ದು, “ಮಾದೇವ, ಟೇಬಲ್ಲೆಲ್ಲ ಟೆರೇಸಿಗೆ ಹೊರ್ಲಾ,” ಎಂದರು. ನೀರಿನ ಟ್ಯಾಂಕಿನ ಪಕ್ಕ, ಬಯಲಲ್ಲಿ, ಟೇಬಲ್ಲಿಗೂ ಟೇಬಲ್ಲಿಗೂ ಆರಡಿ ಬಿಟ್ಟು ಹಾಕಿದ್ದಾಯಿತು. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದು, ಆಕಾಶ ನೋಡಿ, ಕೆಳಗೆ ಬಗ್ಗಿ ನೋಡಿ, “ಕೆಳಗಿರೋರಿಗೆ ಇಲ್ಲಿ ಕಾಣಲ್ಲ ಅಲ್ವಾ?” ಎಂದು ಖಾತ್ರಿ ಮಾಡಿಕೊಂಡರು. ಮಾಮೂಲಿ ತರಿಸಿದರು. ಅದು ತಡವಾದಾಗ ನನಗೆ ಮಾಮೂಲಿ ಬೈಗುಳವನ್ನೂ ಬೈದರು. ನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ ಆ ಬೈಗುಳ ಕಿವಿಗೆ ಹಿತವಾಗಿತ್ತು. ಬಟ್ಟೆ ಅಂಗಡಿಯವರನ್ನು ಯಜಮಾನರು ಕರೆಸಲೇ ಇಲ್ಲ.

ಹೀಗೆ ನನ್ನ ಕೆಲಸ ಉಳಿಯಿತು. ಈಗ ಅಡುಗೆಮನೆಯಿಂದ ಟೆರೇಸಿಗೆ ಹೋಗಬೇಕಾದರೆ ಆ ಆರು ಮೆಷಿನ್ನುಗಳ ಮುಂದೆಯೇ ದಾಟಬೇಕು. ಅವು ಬರೀ ತಗಡು, ಮರ, ವೈರು ಎಂದು ಊರಿಗೆಲ್ಲ ವಿವರಿಸಿದವನು ನಾನೇ. ಆದರೂ ತುಂಬಿದ ಗ್ಲಾಸುಗಳ ಟ್ರೇ ಹಿಡಿದು ಅಲ್ಲಿ ದಾಟುವಾಗ ಅದರ ಮೇಲೊಂದು ಟವೆಲ್ಲು ಮುಚ್ಚುತ್ತೇನೆ. ಯಾರಾದರೂ ಯಾಕೆ ಎಂದು ಕೇಳಿದರೆ, ಕೊರೋನಾ ನಿಯಮ ಎನ್ನುತ್ತೇನೆ.