ಯುಗಾದಿ ಸಂಚಿಕೆಯ ಕಾರ್ಯಾಗಾರ

ಆದೋನಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ನಾನು ಸಂಪಾದಕನಾಗಿದ್ದಾಗ ಕವಿತೆಗಳು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುತ್ತಿದ್ದವು. ಅಚ್ಚಿನ ತಪ್ಪು ಅಷ್ಟು! ಯುಗಾದಿ ಸಂಚಿಕೆಯೂ ಹೀಗೇ ಬಂದರೆ ಪತ್ರಿಕೆ ನಿಲ್ಲಿಸುವುದಾಗಿ ಅಧ್ಯಕ್ಷರು ಹೇಳಿಬಿಟ್ಟರು.

ನಾನು ಹೆದರಲಿಲ್ಲ. ಬಳ್ಳಾರಿಯ ತರಬೇತಿಯಲ್ಲಿ ಆಗಷ್ಟೇ ಹೊಸ ವಿದ್ಯೆ ಕಲಿತಿದ್ದೆ. ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡಿ ನೋಡುವುದು, ತಪ್ಪು ಹಿಡಿಯುವುದು, ತಿದ್ದಿ ಮತ್ತೆ ಮಾಡುವುದು. ಅದಕ್ಕೆ ಕಾರ್ಯಾಗಾರ ಎಂದು ಹೆಸರು.

“ನಮ್ಮ ಮನ್ಯಾಗ ಯಾಕ್ರೀ?” ಎಂದಳು ಹೆಂಡತಿ ರುಕ್ಮಿಣಿ.

“ಜ್ಞಾನಕ್ಕ ಜಾಗ ಬೇಕಲ್ಲ!”

“ಜ್ಞಾನಕ್ಕ ಉಗ್ಗಾಣಿ, ಬಜ್ಜೀನೂ ಬೇಕೇನು?”

ಬೇಕಾಗಿತ್ತು. ಪ್ರೆಸ್ಸಿನ ಮಾಲೀಕ ಖಾಜಾ ಸಾಹೇಬರು, ಅಚ್ಚುಮೊಳೆ ಜೋಡಿಸುವ ಈರಣ್ಣ ಮತ್ತು ನಾನು ಸಾಲಾಗಿ ಕೂತು ಕರಡು ತಿದ್ದತೊಡಗಿದೆವು. ಬಜ್ಜಿಯ ಎಣ್ಣೆ ಕರಡಿಗೆ ಇಳಿಯಿತು.

“ಸಾಮಿ, ಕೆಳಗಿನ ಹಾಳೀನೂ ಕಾಣಾಕತ್ತೈತ್ರಿ!” ಎಂದ ಈರಣ್ಣ.

ಎರಡನೆಯ ಸುತ್ತಿನಲ್ಲಿ ತಿಂಡಿ ನಿಷೇಧಿಸಿದೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದಿದೆವು. ಅಷ್ಟನ್ನೂ ಈರಣ್ಣ ಶ್ರದ್ಧೆಯಿಂದ ಜೋಡಿಸಿದ. ನನ್ನ ಸಂಪಾದಕೀಯದ ‘ವಸಂತ ಬಂದ’ ಎಂಬುದು ‘ವಸತಿ ಬಂದ್’ ಆಯಿತು!

ಕಾಗದದ ಮೇಲೆ ತಿದ್ದುವುದೇ ತಪ್ಪೆಂದು ತೀರ್ಮಾನಿಸಿ, ಮೂರನೆಯ ಸುತ್ತಿಗೆ ಅಚ್ಚುಮೊಳೆಗಳನ್ನೇ ಪರೀಕ್ಷಿಸಲು ಆಜ್ಞಾಪಿಸಿದೆ. ಮೊಳೆ ಜೋಡಿಸಿದ ಪುಟವನ್ನು ಪ್ರೆಸ್ಸಿನಿಂದ ಖುದ್ದು ನಾನೇ ಹೊತ್ತು ತಂದೆ. ಹೊಸ್ತಿಲಲ್ಲಿ ಧೋತರ ಕಾಲಿಗೆ ಸಿಕ್ಕಿತು. ಪುಟ ಮೇಲೆ ಹೋಯಿತು, ನಾನು ಕೆಳಗೆ ಬಂದೆ. ನನ್ನ ವಸಂತ ಅಂಗಳದ ತುಂಬ ಚೆಲ್ಲಿತು.

“ಅರೆ ಅಲ್ಲಾ!” ಎಂದರು ಸಾಹೇಬರು.

ರುಕ್ಮಿಣಿ ಮೊರ ತಂದಿಟ್ಟಳು. ಅಕ್ಕಿ ಆರಿಸುವಂತೆ ಎಲ್ಲರೂ ಅಕ್ಷರ ಆರಿಸಿದೆವು.

“ಏನ್ರೀ, ಈ ‘ಕ’ ಯಾಕ ಬ್ಯಾರೆ ಐತಿ?” ಎಂದಳು.

ಸಾಹೇಬರು ಕನ್ನಡಕ ಏರಿಸಿದರು. “ಇದು ತೆಲುಗು ‘ಕ’ ಅಮ್ಮಾ! ನಮ್ಮ ಕನ್ನಡ ಪೆಟ್ಟಿಗ್ಯಾಗ ಹೆಂಗ ಬಂತು?”

ಹುಡುಕಿದರೆ ಹಿಡಿಗಟ್ಟಲೆ! ಪ್ರೆಸ್ಸಿನಲ್ಲಿದ್ದ ಎರಡೂ ಭಾಷೆಯ ಮೊಳೆಗಳು ವರ್ಷಗಳಿಂದ ಬೆರೆತುಹೋಗಿದ್ದವು. ಪೆಟ್ಟಿಗೆಗಳನ್ನೆಲ್ಲ ತರಿಸಿ ಬೇರೆ ಮಾಡಿ, ಪುಟವನ್ನು ಹೊಸದಾಗಿ ಜೋಡಿಸಿದೆವು. ಈ ಸಲದ ಕರಡು ಚೊಕ್ಕ!

ಯುಗಾದಿ ಸಂಚಿಕೆಯನ್ನು ಆಲೂರಿನಿಂದ ಪೆದ್ದಹರಿವಾಣದವರೆಗೆ ಓದುಗರು ಕೊಂಡಾಡಿದರು. ಅಧ್ಯಕ್ಷರು ಹಾರ ಹಾಕಿದರು. ನಾನು ದೀರ್ಘ ಭಾಷಣ ಮಾಡಿ, ಅಂಗಳದ ಘಟನೆಯನ್ನು ‘ಯೋಜಿತ ವಿಘಟನೆ’ ಎಂದು ಬಣ್ಣಿಸಿದೆ. ರುಕ್ಮಿಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮರುದಿನ ಸಾಹೇಬರು ಮನೆಗೇ ಬಂದರು. “ಸಾಮಿ, ಆಲೂರಿನ ಪ್ರೆಸ್ಸಿನವರಿಗೂ ನಿಮ್ಮ ಕಾರ್ಯಾಗಾರ ಬೇಕಂತ್ರಿ. ಅವರ ಪೆಟ್ಟಿಗೀನೂ ಕಲಸಿ ಹೋಗ್ಯಾವಂತ.”

ನಾನು ಶಲ್ಯ ಸರಿಪಡಿಸಿಕೊಂಡೆ. “ಆಗಲಿ. ಭಾಷಣ ಎಷ್ಟೊತ್ತು ಇರಲಿ?”

“ಭಾಷಣ ಬ್ಯಾಡಂತ್ರಿ. ಬಂದು ಬಿದ್ದು ಹೋದ್ರ ಸಾಕಂತ!”