ಗುರುವಾರದ ಎಂಟನೆಯ ಕುರ್ಚಿ

ಒಂದು ರಾತ್ರಿಗೆ ತೊಂಬತ್ತು ಡಾಲರ್, ಬೆಳಗಿನ ತಿಂಡಿ ಸೇರಿ. ಅಷ್ಟು ಕೊಟ್ಟು ನಾನು ಮೂರು ರಾತ್ರಿ ಮಲಗಿದ್ದು ಕರೆಂಟೇ ಬೇಡವೆನ್ನುವ ಜನರ ಪಕ್ಕದ ಫಾರಂ ಮನೆಯ ಬಾಡಿಗೆ ಕೋಣೆಯಲ್ಲಿ ಎಂದರೆ ಪೀಣ್ಯದ ಸ್ನೇಹಿತರು ಇವತ್ತಿಗೂ ನಗುತ್ತಾರೆ. ಕರೆಂಟು ಹೋದಾಗ ನಮ್ಮ ಲೇತ್ ಶೆಡ್ಡೂ ಹಾಗೆಯೇ ಇರುತ್ತದೆ, ಆದರೆ ಅದನ್ನು ನೋಡಲು ಯಾರೂ ದುಡ್ಡು ಕೊಟ್ಟು ಬರುವುದಿಲ್ಲ. ನಾನು ಹೋಗಿದ್ದು ಅಮೆರಿಕದಲ್ಲೊಂದು ಯಂತ್ರಗಳ ಪ್ರದರ್ಶನಕ್ಕೆ. ಇಪ್ಪತ್ತು ವರ್ಷ ನನ್ನ ಗ್ರೀಸ್ ಮೆತ್ತಿದ ಬಟ್ಟೆ ಒಗೆದ ಹೆಂಡತಿ ಗಂಗಾಳಿಗೆ ನಾಲ್ಕು ದಿನ ಹಸಿರು ತೋರಿಸೋಣವೆಂದು ಜೊತೆಗೆ ಕರೆದೊಯ್ದೆ. ಪಟ್ಟಣದ ಹೋಟೆಲಿಗೆ ಎರಡರಷ್ಟು ಬಾಡಿಗೆ ಎಂಬುದೂ ಒಂದು ಕಾರಣ, ಸುಳ್ಳೇಕೆ ಹೇಳಲಿ.

ಪಕ್ಕದ ಹೊಲದವರು ಆಮಿಷ್ ಎಂಬ ಕ್ರೈಸ್ತ ಪಂಗಡದವರು. ಕಾರಿಲ್ಲ, ಟೀವಿ ಇಲ್ಲ; ಕುದುರೆ ಗಾಡಿ, ಗಂಡಸರಿಗೆ ಗಡ್ಡ, ಹೆಂಗಸರ ತಲೆಗೆ ಬಿಳಿ ಟೋಪಿ. ಚಳಿಯಾದರೆ ಇರಲಿ ಎಂದು ಗಂಗಾ ತನ್ನ ತವರಿನ ಕೌದಿಯನ್ನು ಸೂಟ್‌ಕೇಸಿಗೆ ತುರುಕಿದ್ದಳು. ಹಳೆ ಸೀರೆ, ಧೋತರದ ತುಂಡು ಸೇರಿಸಿ ಅವಳ ಅವ್ವ ಹೊಲಿದದ್ದು. "ಮಾನ ಹೋಗುತ್ತೆ, ಬೇಡ ಕಣೇ" ಎಂದು ನಾನು ಎರಡು ಸಲ ಹೊರಗೆ ತೆಗೆದಿಟ್ಟಿದ್ದೆ. ಬುಧವಾರ ಬೆಳಗ್ಗೆ ಅದನ್ನು ಬೇಲಿಯ ಮೇಲೆ ಬಿಸಿಲಿಗೆ ಹಾಕಿದಾಗ, ಮೊಟ್ಟೆ ಕೊಡಲು ಬಂದ ಆಮಿಷ್ ಅಜ್ಜಿ ಗಾಡಿ ನಿಲ್ಲಿಸಿ ಇಳಿದು, ಮೊದಲು ಅದರ ಹಿಂಬದಿ ಮಗುಚಿ ನೋಡಿದರು.

"ನೋಡ್ರೀ, ಹಿಂದ ನೋಡಿದ್ರನ ಹೊಲಿಗಿ ಗೊತ್ತಾಗೋದು. ನಮ್ಮವ್ವನೂ ಹಂಗ ನೋಡ್ತಿದ್ಲು" ಎಂದಳು ಗಂಗಾ. ಅವಳ ಕಣ್ಣು ತುಂಬಿತ್ತು. ಅವಳಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಕನ್ನಡ ಬಾರದು. ಇಬ್ಬರೂ ಬೆರಳಿನಲ್ಲೇ ಅರ್ಧ ಗಂಟೆ ಮಾತಾಡಿದರು. ಗುರುವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ಏಳು ಜನ ಹೆಂಗಸರು ಕೂತು ಕೌದಿ ಹೊಲಿಯುತ್ತಾರೆ, ನೀನೂ ಬಾ ಎಂದು ಅಜ್ಜಿ ಕರೆದದ್ದನ್ನು ನಾನೇ ಅವಳಿಗೆ ಕನ್ನಡದಲ್ಲಿ ಹೇಳಿದೆ. ನಾವು ಹೊರಡಬೇಕಾಗಿದ್ದುದೂ ಗುರುವಾರವೇ. "ಇನ್ನೊಂದ ರಾತ್ರಿ ಇರೂಣ್ರೀ" ಎಂದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಕಡಿಮೆ.

ಸಂಜೆ ಫಾರಂನ ಒಡತಿಯ ಬಳಿಗೆ ಹೋದೆ. ಬಾಡಿಗೆ ಎಷ್ಟೆಂದು ಗೊತ್ತಿತ್ತು, ಜೇಬಿನಲ್ಲಿ ದುಡ್ಡೂ ಇತ್ತು. ಆದರೆ ಬರಿಗೈಯಲ್ಲಿ ಶುರುಮಾಡಿ ಶೆಡ್ಡು ಕಟ್ಟಿದವನು ಕೇಳಿದಷ್ಟು ಕೊಡುವುದುಂಟೇ? "ನಾಲ್ಕನೇ ರಾತ್ರಿಗೆ ಅರ್ಧ ಮಾಡಿ. ಇಲ್ಲಾಂದ್ರೆ ಬೆಳಗ್ಗೆ ಹೊರಟುಬಿಡ್ತೀವಿ" ಎಂದೆ. ಆಕೆ ನಕ್ಕು, ಬಹಳ ಸಂತೋಷ, ಪ್ರಯಾಣ ಸುಖವಾಗಿರಲಿ ಎಂದರು. ಚಿಕ್ಕಪೇಟೆಯಲ್ಲಾದರೆ ಮೂರು ಹೆಜ್ಜೆ ಇಡುವಷ್ಟರಲ್ಲಿ "ಬನ್ನಿ ಸಾರ್, ಎಷ್ಟು ಕೊಡ್ತೀರಿ ಹೇಳಿ" ಎಂಬ ಕೂಗು ಬೀಳುತ್ತದೆ. ನಿಧಾನವಾಗಿ ಬಾಗಿಲವರೆಗೆ ನಡೆದೆ. ಆಕೆ ಕೂಗಲಿಲ್ಲ. ಹಿಡಿಕೆ ಹಿಡಿದುಕೊಂಡು ನಿಂತೆ. ಬಾಗಿಲು ಬಿಗಿಯಾಗಿದೆಯೇ ಎಂದು ಕೇಳಿದರು.

ಮಾನ ಬಿಟ್ಟು ವಾಪಸ್ ಹೋಗಲು ನನಗೆ ಹತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಆಕೆ, ಕಾಯುತ್ತಿದ್ದ ಇನ್ನೊಬ್ಬರಿಗೆ ಫೋನ್ ಮಾಡಿ ಕೋಣೆ ಕೊಟ್ಟಾಗಿತ್ತು. ನಾನು ಹೇಳಿದ ಮಾತನ್ನು ನಿಜವೆಂದು ನಂಬಿದ್ದಷ್ಟೇ ಆಕೆಯ ತಪ್ಪು. ಬೇರೆ ತಂಗುವ ಜಾಗ ಹತ್ತಿರದಲ್ಲಿರಲಿಲ್ಲ. ಬಸ್ಸು ಸಿಗುವ ಊರಿಗೆ ಬಿಡುವ ವ್ಯಾನು ಬೆಳಗ್ಗೆ ಎಂಟಕ್ಕೆ ಒಂದೇ.

ವ್ಯಾನು ಅಜ್ಜಿಯ ಮನೆಯ ಮುಂದೆ ಹಾದಾಗ ಅವರು ವರಾಂಡದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಗಂಗಾ ಬೆರಳು ಮಡಚುತ್ತಾ ಎಣಿಸಿದಳು.

"ಎಂಟ ಅದಾವ್ರೀ" ಎಂದಳು. ಬೈಯಲಿಲ್ಲ.

ಆದ್ದರಿಂದ ನನ್ನ ಸಲಹೆ ಕೇಳಿ. ಆ ಕಡೆ ಹೋದರೆ ಗುರುವಾರ ದಾಟುವವರೆಗೆ ಕೋಣೆ ಹಿಡಿಯಿರಿ, ಕೇಳಿದಷ್ಟು ಕೊಡಿ. ಹೊಲಿಗೆಗೆ ಕರೆದರೆ ಹೋಗಿ ಕೂತು, ಹೆಂಗಸರು ಏನು ಮಾತಾಡುತ್ತಾರೆ, ಯಾವ ದಾರ ಬಳಸುತ್ತಾರೆ, ಮಧ್ಯೆ ತಿನ್ನಲು ಏನು ಕೊಡುತ್ತಾರೆ, ಎಲ್ಲ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ನಾಗಸಂದ್ರದ ನಮ್ಮ ಮನೆಗೆ ಬಂದು ಗಂಗಾಳಿಗೆ ಒಂದೊಂದಾಗಿ ಹೇಳಿ. ಆಟೋದವನು ಎಷ್ಟು ಕೇಳಿದರೂ ನಾನು ಕೊಡುತ್ತೇನೆ.