ಧ್ರುವ ಸಮುದ್ರವೂ ಅಂಜಲ್ ಮೀನಿನ ದೊಡ್ಡ ತುಂಡೂ

ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕ, ಕಾಪುವಿನ ಅತ್ತೆ ಮನೆಯಲ್ಲಿ ಹಿರಿಯ ಅಳಿಯ. ಎರಡನೆಯ ಹುದ್ದೆಗೇ ಮರ್ಯಾದೆ ಹೆಚ್ಚು. ಅಲ್ಲಿ ಊಟಕ್ಕೆ ಕೂತರೆ ಹುರಿದ ಅಂಜಲ್ ಮೀನಿನ ದೊಡ್ಡ ತುಂಡು ಮೊದಲು ನನ್ನ ಬಟ್ಟಲಿಗೇ ಬೀಳಬೇಕು. ಮದುವೆಯಾದಂದಿನಿಂದ ಅದು ಹಾಗೆಯೇ ನಡೆದುಬಂದಿತ್ತು.

ಷಡ್ಡಕ ಪ್ರವೀಣ ದಕ್ಷಿಣ ಧ್ರುವದ ಸಮುದ್ರಕ್ಕೆ ಹೋಗಿ ಬರುವವರೆಗೆ!

ಪ್ರವೀಣ ನನ್ನ ಹೆಂಡತಿ ಶರ್ಮಿಳಾಳ ತಂಗಿಯ ಗಂಡ. ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಾನೆ. ಅವನು ವಾಪಸು ಬಂದ ಮೊದಲ ಭಾನುವಾರವೇ ಅತ್ತೆ ನನ್ನ ಕಣ್ಣೆದುರು ಆ ತುಂಡನ್ನು ಅವನ ಬಟ್ಟಲಿಗೆ ಹಾಕಿದರು.

"ಪಾಪ, ಆ ಮಂಜಿನಲ್ಲಿ ಎಂತ ತಿಂದಿದ್ದೀರೋ ಏನೋ. ಅಲ್ಲಿ ನಿಮಗೆ ಕೆಲಸ ಎಂತ?"

"ಅಲ್ಲಿನ ಪ್ರಾಣಿಗಳ ಗುಣಲಕ್ಷಣ ನೋಡುವುದು, ಅತ್ತೆ. ಎಷ್ಟು ದೊಡ್ಡದು, ಎಂತ ತಿನ್ನುತ್ತದೆ, ಓಡಾಡುತ್ತದಾ, ಒಂದೇ ಕಡೆ ಅಂಟಿಕೊಂಡಿರುತ್ತದಾ ಅಂತ. ಸಮುದ್ರ ಬಿಸಿಯಾದರೆ ಯಾವುದು ಉಳಿದೀತು ಅಂತ ಅದರಿಂದ ಅಂದಾಜು ಸಿಗುತ್ತದೆ."

ಅತ್ತೆ ಬಾಯಿ ತೆರೆದು ಕೇಳಿದರು. ನಾನು ಕಪ್ಪೆಯ ಹೃದಯದ ಬಗ್ಗೆ ಹೇಳಿದಾಗ ಒಮ್ಮೆಯೂ ತೆರೆಯದ ಬಾಯಿ!

"ಇದಕ್ಕೆ ಅಷ್ಟು ದೂರ ಹೋಗಬೇಕಾ? ಮುಂದಿನ ಭಾನುವಾರ ನಾನು ಈ ಹಾಲ್‌ನಲ್ಲೇ ತೋರಿಸುತ್ತೇನೆ" ಎಂದು ಘೋಷಿಸಿಬಿಟ್ಟೆ.

ಕಾರಿನಲ್ಲಿ ಶರ್ಮಿಳಾ ಕೇಳಿದಳು, "ಎಂತ ಮಾರಾಯ್ರೆ, ಹೊಟ್ಟೆಕಿಚ್ಚಾ?"

"ವಿಜ್ಞಾನ" ಎಂದೆ. ಹೊಟ್ಟೆಕಿಚ್ಚೇ ಆಗಿತ್ತು. ಕಾರ್ಕಳ ಮುಟ್ಟುವವರೆಗೂ ನನ್ನ ಕಣ್ಣ ಮುಂದೆ ಅವನ ಬಟ್ಟಲೇ ಇತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಕಾಪುವಿನ ಬಂಡೆಗಳ ಮೇಲೆ ಎರಡು ಸಲ ಜಾರಿ ಬಿದ್ದು, ಒಂದಷ್ಟು ಏಡಿಗಳನ್ನೂ ಬಂಡೆಗೆ ಅಂಟಿಕೊಂಡಿದ್ದ ಪಚ್ಚಿಲೆ ಚಿಪ್ಪುಗಳನ್ನೂ ಸಂಪಾದಿಸಿದೆ. ಹಾಲ್‌ನಲ್ಲಿ ಟಬ್ಬು ಇಟ್ಟು, ಸಮುದ್ರದ ನೀರು ಸುರಿದೆ. ಇನ್ನು ಬೇಕಾದದ್ದು ಧ್ರುವದ ಚಳಿ. ನೋಡಿದರೆ, ಹಿತ್ತಲಿನಲ್ಲಿ ಥರ್ಮೊಕೋಲ್ ಪೆಟ್ಟಿಗೆ ತುಂಬ ಐಸು ಉಂಟು! ಕೆಳಗೆ ಅತ್ತೆ ಉಚ್ಚಿಲದಿಂದ ತರಿಸಿದ ಇಡೀ ಅಂಜಲ್ ಮಲಗಿತ್ತು. ವಿಜ್ಞಾನದ ಹಿತದೃಷ್ಟಿಯಿಂದ ಐಸನ್ನೆಲ್ಲ ಬಾಚಿಕೊಂಡು ಬಂದೆ.

ಎಲ್ಲರೂ ಟಬ್ಬಿನ ಸುತ್ತ ಸೇರಿದರು. ಐಸು ಬಿದ್ದದ್ದೇ ತಡ, ಏಡಿಗಳು ಕಾಲು ಮಡಚಿ ನಿಶ್ಚಲವಾದವು.

"ಸತ್ತವಾ?" ಅತ್ತೆ ಕೇಳಿದರು.

"ಹೊಂದಿಕೊಳ್ಳುತ್ತಿವೆ."

ನಾವು ಕಾದೆವು. ಅವು ಹೊಂದಿಕೊಳ್ಳುತ್ತಲೇ ಇದ್ದವು. ಐಸು ಕರಗುತ್ತ ಬಂದರೂ ಒಂದೂ ಕಾಲು ಬಿಡಿಸಲಿಲ್ಲ. ಕೊನೆಗೆ ಪ್ರವೀಣ ಬಹಳ ವಿನಯದಿಂದ ಹೇಳಿದ, "ಭಾವ, ಇವು ನಮ್ಮ ಕಾಪುವಿನವು ಅಲ್ವಾ? ಅಲ್ಲಿಯವಕ್ಕೆ ಬಿಸಿಯ ಕಷ್ಟ, ಇವಕ್ಕೆ ಚಳಿಯ ಕಷ್ಟ."

ಆ ವಿನಯವೇ ನನ್ನನ್ನು ಕೆರಳಿಸಿತು. ಬಚ್ಚಲಿನ ಹಂಡೆಯಿಂದ ಬಿಸಿನೀರು ತಂದು ಸುರಿಯುತ್ತ, "ಇದೀಗ ನೋಡಿ ಹವಾಮಾನ ಬದಲಾವಣೆ!" ಎಂದೆ.

ಬದಲಾವಣೆ ಆಯಿತು. ಏಡಿಗಳು ಟಬ್ಬು ಹತ್ತಿ ಇಳಿದು ಸೋಫಾದಡಿ ನುಗ್ಗಿದವು. ಒಂದು ನನ್ನ ಹೆಬ್ಬೆರಳನ್ನೇ ಆರಿಸಿಕೊಂಡಿತು. ನಾನು ಟೀಪಾಯಿಯ ಮೇಲೆ ಹಾರಿದೆ. ಪಚ್ಚಿಲೆಗಳು ಮಾತ್ರ ಬಾಯಿ ಮುಚ್ಚಿ ಕೂತಿದ್ದವು. ನಾನೂ ಹಿಂದಿನ ಭಾನುವಾರ ಹಾಗೆಯೇ ಕೂರಬೇಕಿತ್ತು.

ಅಷ್ಟರಲ್ಲಿ ಮೀನು ಕೊಯ್ಯಲು ಹೋದ ಅತ್ತೆ ಹಿತ್ತಲಿನಿಂದ ಕೂಗಿದರು, "ಅಯ್ಯೋ ದೇವರೇ, ಐಸು ಎಲ್ಲಿ?"

ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಮುಚ್ಚಳವೂ ಇಲ್ಲದೆ ಬಿದ್ದಿದ್ದ ಅಂಜಲಿನ ವಾಸನೆ ಅತ್ತೆಗಿಂತ ಮೊದಲೇ ಹಾಲ್‌ಗೆ ಬಂದಿತ್ತು. ಎಲ್ಲರೂ ಟಬ್ಬನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಮಾತು ತಿರುಗಿಸಲೆಂದು ಶರ್ಮಿಳಾ ಕೇಳಿದಳು, "ಪ್ರವೀಣ, ಸಮುದ್ರ ಬಿಸಿಯಾದರೆ ಮೊದಲು ಕಷ್ಟ ಯಾರಿಗೆ?"

ಪ್ರವೀಣ ಪ್ರಾಮಾಣಿಕವಾಗಿ ಯೋಚಿಸಿದ. "ಹೆಚ್ಚಾಗಿ ಒಂದೇ ಕಡೆ ಕೂತಿರುವವಕ್ಕೆ, ಅಕ್ಕ. ಒಂದೇ ಆಹಾರ ನಂಬಿದವಕ್ಕೆ. ಸ್ವಲ್ಪ ಬಿಸಿ ತಾಗಿದರೂ ತಡೆಯದವಕ್ಕೆ."

ಶರ್ಮಿಳಾ ತಲೆ ಎತ್ತಿ ಟೀಪಾಯಿಯ ಮೇಲಿದ್ದ ನನ್ನನ್ನು ನೋಡಿದಳು. "ಆ ಜಾತಿಯದ್ದು ನಮ್ಮ ಮನೆಯಲ್ಲಿಯೂ ಒಂದು ಉಂಟು" ಎಂದಳು.

ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ. ಅತ್ತೆ ಭರಣಿಯೊಳಗೆ ಸೌಟು ಆಡಿಸಿ, ಹುಡುಕಿ, ಒಂದು ಮಾವಿನ ಹೋಳನ್ನು ಎಲ್ಲರಿಗಿಂತ ಮೊದಲು ನನ್ನ ಬಟ್ಟಲಿಗೆ ಹಾಕಿದರು.

"ಹಿರಿಯ ಅಳಿಯ ಅಲ್ವಾ ನೀವು. ಇದೇ ದೊಡ್ಡ ತುಂಡು."